ಎ.ಎಚ್.ಯು. ಡ್ರೈನ್ ಟ್ರ್ಯಾಪ್‌ಗೆ ಎತ್ತರ ಸಾಲುತ್ತಿಲ್ಲ, ಕಾಯಿಲ್ ಜೋಡಣೆಯಲ್ಲೂ ಭಿನ್ನಾಭಿಪ್ರಾಯವಿದೆ: ಸಲಹೆ ಬೇಕು

ಪೈಪಿಂಗ್ ಮೇಲ್ವಿಚಾರಕ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಸೈಟ್‌ನಲ್ಲಿ ಗಾಳಿಯನ್ನು ಶೋಧಿಸಿ ತಣ್ಣಗಾಗಿಸಿ ಕಟ್ಟಡಕ್ಕೆ ಕಳಿಸುವ ನಾಲ್ಕು ಏರ್ ಹ್ಯಾಂಡ್ಲಿಂಗ್ ಯೂನಿಟ್‌ಗಳನ್ನು (ಎ.ಎಚ್.ಯು.) ಕಾಂಕ್ರೀಟ್ ಕಟ್ಟೆಗಳ ಮೇಲೆ ಕೂರಿಸಿ ಮೂರು ದಿನಗಳಾಗಿವೆ. ನಾಲ್ಕೂ ಡ್ರಾ-ಥ್ರೂ ಮಾದರಿಯವು. ಅಂದರೆ ಗಾಳಿ ಮೊದಲು ಫಿಲ್ಟರ್, ಆಮೇಲೆ ಕೂಲಿಂಗ್ ಕಾಯಿಲ್ ದಾಟಿ ಕೊನೆಯಲ್ಲಿ ಫ್ಯಾನ್‌ಗೆ ಬರುತ್ತದೆ. ಪ್ರತಿ ಯೂನಿಟ್‌ನ ಕೂಲಿಂಗ್ ಸಾಮರ್ಥ್ಯ 90 ಕಿಲೋವ್ಯಾಟ್, ಅದರಲ್ಲಿ ಸುಮಾರು 25 ಕಿಲೋವ್ಯಾಟ್ ತೇವಾಂಶ ತೆಗೆಯುವ ಪಾಲು. ಕಾಯಿಲ್‌ನ ಕೊಳವೆಗಳಲ್ಲಿ ಹರಿಯುವ ತಣ್ಣೀರು (ಚಿಲ್ಡ್ ವಾಟರ್) 7 ಡಿಗ್ರಿಯಲ್ಲಿ ಬಂದು 12 ಡಿಗ್ರಿಯಲ್ಲಿ ಮರಳಬೇಕು ಎಂದು ವಿನ್ಯಾಸದಲ್ಲಿದೆ.

ನನಗೆ ಎರಡು ಸಮಸ್ಯೆಗಳಿವೆ. ಮೊದಲನೆಯದು ಡ್ರೈನ್, ಅಂದರೆ ಕಾಯಿಲ್‌ನಿಂದ ತೊಟ್ಟಿಕ್ಕಿ ಕೆಳಗಿನ ತಟ್ಟೆಯಲ್ಲಿ (ಡ್ರೈನ್ ಪ್ಯಾನ್) ಸೇರುವ ನೀರನ್ನು ಹೊರಬಿಡುವ ದಾರಿ. ಕಟ್ಟೆಯ ಎತ್ತರ 100 ಮಿ.ಮೀ., ಯೂನಿಟ್‌ನ ತಳದಿಂದ ಡ್ರೈನ್ ಬಾಯಿಯ ಕೆಳ ಅಂಚಿಗೆ 70 ಮಿ.ಮೀ., ಒಟ್ಟು ನೆಲದಿಂದ 170 ಮಿ.ಮೀ. ಇಷ್ಟರಲ್ಲಿ 32 ಮಿ.ಮೀ. ಕೊಳವೆಯ ಯು-ಟ್ರ್ಯಾಪ್ (ನೀರು ತುಂಬಿ ನಿಂತು ಗಾಳಿಯನ್ನು ತಡೆಯುವ ಯು ಆಕಾರದ ಬಾಗು) ಕೂರಿಸಿ, ನಾಲ್ಕು ಮೀಟರ್ ದೂರದ ನೆಲದ ಡ್ರೈನ್‌ಗೆ ವಾಟ ಕೊಟ್ಟು ಒಯ್ಯಬೇಕು. ನಮ್ಮ ಫಿಟ್ಟರ್ 50 ಮಿ.ಮೀ. ಆಳದ ಟ್ರ್ಯಾಪ್ ಸಾಕು ಎನ್ನುತ್ತಾರೆ. ಯೂನಿಟ್‌ನ ಕೈಪಿಡಿಯಲ್ಲಿ ಟ್ರ್ಯಾಪ್‌ನ ಚಿತ್ರವಿದೆ, ಆದರೆ ಅಳತೆಗಳ ಜಾಗದಲ್ಲಿ ಅಕ್ಷರಗಳಷ್ಟೇ ಇವೆ.

ಎರಡನೆಯದು ಕಾಯಿಲ್ ಜೋಡಣೆ. ಮೇಲಿನಿಂದ ಇಳಿದು ಬರುವ ಸಪ್ಲೈ ಕೊಳವೆ ಫಿಲ್ಟರ್ ಕಡೆಯ ಹೆಡರ್‌ಗೆ (ಕಾಯಿಲ್‌ನ ಸಣ್ಣ ಕೊಳವೆಗಳೆಲ್ಲ ಸೇರುವ ದಪ್ಪ ಕೊಳವೆಗೆ) ನೇರವಾಗಿ ಎದುರಾಗುತ್ತದೆ. ಅಲ್ಲಿಗೇ ಜೋಡಿಸಿದರೆ ಕೊಳವೆಗಳು ಒಂದನ್ನೊಂದು ಅಡ್ಡ ದಾಟುವುದು ತಪ್ಪುತ್ತದೆ, ಪ್ರತಿ ಯೂನಿಟ್‌ಗೆ ನಾಲ್ಕು ಎಲ್ಬೋ ಉಳಿಯುತ್ತವೆ. ನಕ್ಷೆಯಲ್ಲಿ ಮಾತ್ರ ಸಪ್ಲೈ ಫ್ಯಾನ್ ಕಡೆಯ ಹೆಡರ್‌ಗೆ ಎಂದಿದೆ. ಅದಲು ಬದಲು ಮಾಡಿದರೆ ನಿಜವಾಗಿ ಏನು ನಷ್ಟ? ಕೊಳವೆಗಳನ್ನು ಇನ್ನೂ ಜೋಡಿಸಿಲ್ಲ, ಡಕ್ಟ್‌ನ ಕ್ಯಾನ್‌ವಾಸ್ ಕೂಡ ಕಟ್ಟಿಲ್ಲ. ಆದ್ದರಿಂದ ಈಗಲೇ ಕೇಳುತ್ತಿದ್ದೇನೆ.

ವಿನ್ಯಾಸ ಎಂಜಿನಿಯರ್

ಜೋಡಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಡ್ರೈನ್‌ನ ಪ್ರಶ್ನೆಗೆ ಉತ್ತರಿಸಲು ಒಂದು ಅಂಕಿ ಬೇಕು: ಫ್ಯಾನ್ ಪೂರ್ಣ ವೇಗದಲ್ಲಿ ಓಡುವಾಗ, ಫಿಲ್ಟರ್‌ಗಳು ಬದಲಾಯಿಸುವ ಹಂತಕ್ಕೆ ಕೊಳೆಯಾಗಿರುವಾಗ, ಡ್ರೈನ್ ಪ್ಯಾನ್ ಇರುವ ಕೋಣೆಯಲ್ಲಿ ಎಷ್ಟು ಋಣ ಒತ್ತಡ (ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಒತ್ತಡ) ಇರುತ್ತದೆ? ಫ್ಯಾನ್‌ನ ಫಲಕದ ಮೇಲಿರುವ ಒಟ್ಟು ಒತ್ತಡವನ್ನು ಕೊಡಬೇಡಿ. ಅದರಲ್ಲಿ ಫ್ಯಾನ್ ಮುಂದಿನ ಡಕ್ಟ್‌ನ ಪಾಲೂ ಸೇರಿರುತ್ತದೆ, ಪ್ಯಾನ್‌ಗೆ ಅದು ತಿಳಿಯುವುದೇ ಇಲ್ಲ. ಪ್ಯಾನ್‌ನ ಹಿಂದೆ ಇರುವ ರಿಟರ್ನ್ ಡಕ್ಟ್, ಡ್ಯಾಂಪರ್, ಫಿಲ್ಟರ್, ಕಾಯಿಲ್ ಇವುಗಳ ನಷ್ಟವನ್ನಷ್ಟೇ ಕೂಡಿಸಿ ಹೇಳಿ.

ಪೈಪಿಂಗ್ ಮೇಲ್ವಿಚಾರಕ

ಆಯ್ಕೆ ಪಟ್ಟಿಯಲ್ಲಿ ಹುಡುಕಿದೆ. ರಿಟರ್ನ್ ಡಕ್ಟ್ ಮತ್ತು ಡ್ಯಾಂಪರ್ ಸೇರಿ 150 ಪ್ಯಾಸ್ಕಲ್, ಎರಡು ಹಂತದ ಫಿಲ್ಟರ್ ಹೊಸದಿದ್ದಾಗ 150, ಬದಲಾಯಿಸುವ ಹೊತ್ತಿಗೆ 400, ತೇವಗೊಂಡ ಕಾಯಿಲ್ 150. ಹಾಗಾಗಿ ಮೊದಲ ದಿನ 450 ಪ್ಯಾಸ್ಕಲ್, ಕೊನೆಗೆ 700 ಪ್ಯಾಸ್ಕಲ್.

ವಿನ್ಯಾಸ ಎಂಜಿನಿಯರ್

ಹಾಗಿದ್ದರೆ ಲೆಕ್ಕ ಮಾಡೋಣ. ಒಂದು ಮಿಲಿಮೀಟರ್ ನೀರಿನ ಎತ್ತರ 9.81 ಪ್ಯಾಸ್ಕಲ್‌ಗೆ ಸಮ. ಆದ್ದರಿಂದ 700 ಪ್ಯಾಸ್ಕಲ್ ಎಂದರೆ ಸುಮಾರು 71 ಮಿ.ಮೀ. ನೀರು, 450 ಎಂದರೆ 46 ಮಿ.ಮೀ.

ಟ್ರ್ಯಾಪ್‌ನಲ್ಲಿ ಎರಡು ಅಳತೆಗಳಿವೆ, ಅವೆರಡರ ಕೆಲಸ ಬೇರೆ ಬೇರೆ. ಪ್ಯಾನ್‌ನ ಡ್ರೈನ್ ಬಾಯಿಯಿಂದ ಟ್ರ್ಯಾಪ್‌ನ ಹೊರಬಾಯಿಗೆ ಇರುವ ಇಳಿತವನ್ನು ಮೊದಲ ಅಳತೆ ಎನ್ನೋಣ. ಫ್ಯಾನ್ ಓಡುವಾಗ ಒಳಗಿನ ಗಾಳಿ ನೀರನ್ನು ಮೇಲಕ್ಕೆ ಹೀರಿ ಹಿಡಿದಿರುತ್ತದೆ. ನೀರು ಹೊರಬಾಯಿ ದಾಟಿ ಹರಿಯುತ್ತಿರುವಾಗ ಪ್ಯಾನ್ ಕಡೆಯ ಕಾಲಿನಲ್ಲಿ ನೀರಿನ ಮಟ್ಟ ಹೊರಬಾಯಿಗಿಂತ 71 ಮಿ.ಮೀ. ಮೇಲೆ ನಿಂತಿರುತ್ತದೆ. ಇಳಿತ 71ಕ್ಕಿಂತ ಕಡಿಮೆಯಿದ್ದರೆ ಆ ನೀರು ಪ್ಯಾನ್‌ನೊಳಗೇ ನಿಲ್ಲುತ್ತದೆ. ಅದಕ್ಕೇ ಒತ್ತಡದ ಅಳತೆಗೆ 25 ಮಿ.ಮೀ. ಸೇರಿಸುವ ರೂಢಿಯಿದೆ, ನಿಮ್ಮಲ್ಲಿ 96 ಮಿ.ಮೀ. ಆಯಿತು.

ಎರಡನೆಯದು ಹೊರಬಾಯಿಯ ಕೆಳಗೆ ಟ್ರ್ಯಾಪ್ ಹಿಡಿದಿಡುವ ನೀರಿನ ಆಳ. ಫ್ಯಾನ್ ಶುರುವಾದಾಗ ನೀರಿನ್ನೂ ಹರಿಯುತ್ತಿರುವುದಿಲ್ಲ, ಟ್ರ್ಯಾಪ್ ಹೊರಬಾಯಿಯ ಮಟ್ಟಕ್ಕೆ ತುಂಬಿರುತ್ತದೆ. ಹೀರುವಿಕೆಗೆ ಒಂದು ಕಾಲಿನಲ್ಲಿ ನೀರು ಅರ್ಧದಷ್ಟು ಏರುತ್ತದೆ, ಇನ್ನೊಂದು ಕಾಲಿನಲ್ಲಿ ಅರ್ಧದಷ್ಟು ಇಳಿಯುತ್ತದೆ, ಎರಡೂ ಸೇರಿ 71 ಮಿ.ಮೀ. ವ್ಯತ್ಯಾಸ. ಇಳಿದ ಕಡೆಯ ನೀರು ತಳ ಮುಟ್ಟಿದರೆ ಗಾಳಿ ನುಗ್ಗಿ ನೀರಿನ ತಡೆ ಮುರಿಯುತ್ತದೆ. ಆದ್ದರಿಂದ ಮೊದಲ ಅಳತೆಯ ಅರ್ಧ, ಅಂದರೆ 48 ಮಿ.ಮೀ. ಬೇಕು.

ಇವೆರಡಕ್ಕೆ ಕೊಳವೆಯ ಹೊರ ವ್ಯಾಸ ಸುಮಾರು 40 ಸೇರಿಸಿದರೆ 184, ಕೆಳಗೆ 19 ಮಿ.ಮೀ. ಇನ್ಸುಲೇಷನ್ ಸೇರಿಸಿದರೆ 203 ಮಿ.ಮೀ. ನಿಮ್ಮಲ್ಲಿರುವುದು 170. ಟ್ರ್ಯಾಪ್ ನೆಲದೊಳಗೆ 33 ಮಿ.ಮೀ. ಇಳಿಯಬೇಕಾಗುತ್ತದೆ.

ಇದು ನಿಮ್ಮ ತಪ್ಪಲ್ಲ. ಕಟ್ಟೆಯ ಎತ್ತರವನ್ನು ಸಿವಿಲ್ ನಕ್ಷೆ ಬರೆಯುವವರು ನಿರ್ಧರಿಸುತ್ತಾರೆ, 100 ಮಿ.ಮೀ. ಎಂಬುದು ಅವರ ಕೈಗೆ ಅಭ್ಯಾಸವಾಗಿ ಬಂದಿರುವ ಅಂಕಿ. ಆ ಎತ್ತರ ಟ್ರ್ಯಾಪ್‌ನ ಲೆಕ್ಕದಿಂದ ಬರಬೇಕು ಎಂದು ಅವರಿಗೆ ಹೇಳಬೇಕಾದವರು ನಮ್ಮಂಥ ವಿನ್ಯಾಸಕಾರರು. ನಾನೇ ಮೊದಲ ಕೆಲವು ವರ್ಷ ಅದನ್ನು ಹೇಳಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹಿರಿಯ ಫಿಟ್ಟರ್

ಲೆಕ್ಕವನ್ನು ಗೌರವದಿಂದಲೇ ಓದಿದೆ. ಆದರೆ ಇಪ್ಪತ್ತು ವರ್ಷಗಳಿಂದ ನಾನು ಡ್ರೈನ್ ಕೊಳವೆ ಹಾಕುತ್ತಿದ್ದೇನೆ. ಎರಡು ಎಲ್ಬೋ ಸೇರಿಸಿ 50 ಮಿ.ಮೀ. ಟ್ರ್ಯಾಪ್ ಮಾಡಿ ಕೊಟ್ಟ ನೂರಾರು ಯಂತ್ರಗಳು ಒಂದು ಹನಿಯೂ ಚೆಲ್ಲದೆ ಓಡುತ್ತಿವೆ. ಅಳತೆ ತಪ್ಪಿದರೆ ಎಲ್ಲವೂ ಸೋರಬೇಕಿತ್ತಲ್ಲವೇ? ಫಿಟ್ಟರ್ ಹೇಳಿದ್ದನ್ನು ಅನುಭವವಿಲ್ಲದ ಮಾತು ಎಂದು ತಳ್ಳಿಹಾಕಬಾರದು ಎಂಬುದಷ್ಟೇ ನನ್ನ ಕೋರಿಕೆ.

ವಿನ್ಯಾಸ ಎಂಜಿನಿಯರ್

ಸರ್, ನಿಮ್ಮ ಅನುಭವ ಸುಳ್ಳಲ್ಲ. ಆ ಯಂತ್ರಗಳಲ್ಲಿ ಹೆಚ್ಚಿನವು ಯಾವ ಬಗೆಯವು ಎಂದು ದಯವಿಟ್ಟು ನೆನಪಿಸಿಕೊಂಡು ತಿಳಿಸಿ. ಚಾವಣಿಯೊಳಗಿನ ಫ್ಯಾನ್ ಕಾಯಿಲ್ ಯೂನಿಟ್‌ಗಳಾಗಿದ್ದರೆ ಅವುಗಳಲ್ಲಿ ಅನೇಕವು ಬ್ಲೋ-ಥ್ರೂ ಮಾದರಿಯವು, ಫ್ಯಾನ್ ಗಾಳಿಯನ್ನು ಕಾಯಿಲ್ ಕಡೆಗೆ ತಳ್ಳುತ್ತದೆ, ಪ್ಯಾನ್‌ನಲ್ಲಿರುವ ಒತ್ತಡ ನೀರನ್ನು ಹೊರಗೇ ದೂಡುತ್ತದೆ. ಡ್ರಾ-ಥ್ರೂ ಆಗಿದ್ದರೂ ಅಂಥ ಸಣ್ಣ ಯಂತ್ರದಲ್ಲಿ ಒತ್ತಡ 50ರಿಂದ 100 ಪ್ಯಾಸ್ಕಲ್, ಅಂದರೆ 5ರಿಂದ 10 ಮಿ.ಮೀ. ನೀರು. ಅದಕ್ಕೆ ನಿಮ್ಮ ಟ್ರ್ಯಾಪ್ ಧಾರಾಳವಾಗಿ ಸಾಕು. ಎರಡು ಹಂತದ ಫಿಲ್ಟರ್ ಇರುವ ದೊಡ್ಡ ಯೂನಿಟ್‌ನಲ್ಲಿ ಅದೇ ಟ್ರ್ಯಾಪ್ ಏಳರಿಂದ ಹದಿನಾಲ್ಕು ಪಟ್ಟು ಒತ್ತಡವನ್ನು ಎದುರಿಸಬೇಕು.

ಬ್ಲೋ-ಥ್ರೂ ಯೂನಿಟ್‌ನ ಲೆಕ್ಕ ತಿರುಗುಮುರುಗು ಎಂಬುದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಇಳಿತ ಸ್ವಲ್ಪವೇ ಸಾಕು, 13 ಮಿ.ಮೀ. ಕೂಡ ನಡೆಯುತ್ತದೆ. ಆದರೆ ಒತ್ತಡ ಒಂದು ಕಾಲಿನ ನೀರನ್ನು ಪೂರ್ತಿ ಕೆಳಕ್ಕೆ ಒತ್ತಿದಾಗ ಆ ನೀರು ಹೊರಬಾಯಿಯಿಂದ ಚೆಲ್ಲಿಹೋಗುತ್ತದೆ, ಇನ್ನೊಂದು ಕಾಲು ಏರಿ ಸಮತೋಲ ಮಾಡುವುದಿಲ್ಲ. ಹಾಗಾಗಿ ಟ್ರ್ಯಾಪ್‌ನ ಆಳ ಒತ್ತಡದ ಪೂರ್ತಿ ಅಳತೆಗಿಂತ ಹೆಚ್ಚಿರಬೇಕು, ಅರ್ಧ ಸಾಲದು. ಒಂದು ಮಾದರಿಯ ಟ್ರ್ಯಾಪ್ ತಂದು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಹಿರಿಯ ಫಿಟ್ಟರ್

ನೀವು ಹೇಳಿದ್ದು ಸರಿ. ನನ್ನ ಕೆಲಸದಲ್ಲಿ ಬಹುಪಾಲು ಚಾವಣಿಯ ಯಂತ್ರಗಳೇ. ದೊಡ್ಡ ಯೂನಿಟ್‌ಗಳನ್ನು ಜೋಡಿಸಿ ಕೊಟ್ಟ ಮೇಲೆ ಮತ್ತೆ ಹೋಗಿ ನೋಡಿದ್ದು ಅಪರೂಪ, ಆರು ತಿಂಗಳ ನಂತರ ಅವು ಹೇಗಿದ್ದವು ಎಂದು ನನಗೆ ಯಾರೂ ಹೇಳಲಿಲ್ಲ.

ಕಟ್ಟಡ ನಿರ್ವಹಣೆ ವಿಭಾಗದವರು

ಆ ಆರು ತಿಂಗಳ ನಂತರದ ಕತೆಯನ್ನು ನಾನು ಹೇಳುತ್ತೇನೆ, ಏಕೆಂದರೆ ಅದು ಬಂದು ಬೀಳುವುದು ನಮ್ಮ ಮೇಲೆಯೇ. ನಾನು ಮೊದಲು ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದಲ್ಲಿ ಪ್ರತಿ ಸಂಜೆ ಯೂನಿಟ್ ನಿಲ್ಲಿಸಿದ ಎರಡೇ ನಿಮಿಷಕ್ಕೆ ಕೆಳಗಿನ ಮಹಡಿಯ ಚಾವಣಿಯಿಂದ ನೀರು ಸುರಿಯುತ್ತಿತ್ತು. ಹಗಲು ಪೂರ್ತಿ ಒಂದು ಹನಿಯೂ ಇಲ್ಲ. ಕಾಯಿಲ್ ತೂತಾಗಿದೆ ಎಂದು ಒಬ್ಬರು, ಇನ್ಸುಲೇಷನ್ ಬೆವರುತ್ತಿದೆ ಎಂದು ಇನ್ನೊಬ್ಬರು ಹೇಳಿದರು. ಕಾಯಿಲ್‌ಗೆ ಒತ್ತಡ ಪರೀಕ್ಷೆಯನ್ನೂ ಮಾಡಿಸಿದೆವು, ಅದು ಸರಿಯಾಗಿಯೇ ಇತ್ತು.

ಕೊನೆಗೆ ಫ್ಯಾನ್ ಓಡುತ್ತಿರುವಾಗ ತಪಾಸಣೆ ಗಾಜಿನ ಮೂಲಕ ಟಾರ್ಚ್ ಬಿಟ್ಟು ನೋಡಿದಾಗ ಪ್ಯಾನ್ ಅಂಚಿನವರೆಗೆ ತುಂಬಿ ನೀರು ಅಲೆಯಾಡುತ್ತಿತ್ತು. ಟ್ರ್ಯಾಪ್ ಇತ್ತು, ಆದರೆ ಅದರ ಹೊರಬಾಯಿ ಡ್ರೈನ್ ಬಾಯಿಗಿಂತ ಹತ್ತೋ ಹದಿನೈದೋ ಮಿ.ಮೀ. ಮಾತ್ರ ಕೆಳಗಿತ್ತು. ಹಗಲೆಲ್ಲ ಫ್ಯಾನ್ ನೀರನ್ನು ಹಿಡಿದಿಟ್ಟು, ನಿಂತ ಕ್ಷಣ ಕೈಬಿಡುತ್ತಿತ್ತು. ಅಷ್ಟು ನೀರು ಒಮ್ಮೆಲೇ ನುಗ್ಗಿದಾಗ ನೆಲದ ಡ್ರೈನ್‌ಗೆ ನುಂಗಲಾಗದೆ ಪಕ್ಕಕ್ಕೆ ಹರಿಯುತ್ತಿತ್ತು. ಯೂನಿಟ್ ನಿಲ್ಲಿಸಿದ ಕೂಡಲೇ ನೀರು ಬಂದರೆ ಮೊದಲು ಟ್ರ್ಯಾಪ್ ಅಳೆಯಿರಿ ಎಂದು ಅಂದಿನಿಂದ ಹೊಸಬರಿಗೆ ಹೇಳುತ್ತಿದ್ದೇನೆ.

ಆ ಪ್ಯಾನ್ ಖಾಲಿ ಮಾಡಿದಾಗ ಕಂಡ ಲೋಳೆಯನ್ನು ನಾನು ಮರೆತಿಲ್ಲ. ಜನ ಉಸಿರಾಡುವ ಗಾಳಿ ಅದರ ಮೇಲೆಯೇ ಹಾದುಹೋಗುತ್ತಿತ್ತು. ಸೋರಿಕೆ ಕಣ್ಣಿಗೆ ಕಂಡಿದ್ದರಿಂದ ದೂರು ಬಂತು. ಸೋರದೆ ಬರೀ ನಿಂತಿದ್ದರೆ ವರ್ಷಗಟ್ಟಲೆ ಯಾರೂ ಕೇಳುತ್ತಿರಲಿಲ್ಲ.

ಕಮಿಷನಿಂಗ್ ತಂತ್ರಜ್ಞ

ನಿಂತ ನೀರಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 62.1 ಮಾನದಂಡ ಪ್ಯಾನ್‌ಗೆ ಡ್ರೈನ್ ಬಾಯಿಯ ಕಡೆಗೆ ಮೀಟರಿಗೆ ಕನಿಷ್ಠ 10 ಮಿ.ಮೀ. ವಾಟ ಇರಬೇಕೆನ್ನುತ್ತದೆ, ಬಾಯಿ ಪ್ಯಾನ್‌ನ ಅತ್ಯಂತ ತಗ್ಗಿನಲ್ಲಿರಬೇಕೆನ್ನುತ್ತದೆ. ಕಾರ್ಖಾನೆಯಲ್ಲಿ ಆ ವಾಟ ಸರಿಯಾಗಿಯೇ ಇರುತ್ತದೆ. ಸೈಟ್‌ನಲ್ಲಿ ಕಟ್ಟೆಯ ಮೇಲ್ಮೈ ಓರೆಯಾಗಿದ್ದರೆ ಅದು ಅಳಿಸಿಹೋಗುತ್ತದೆ. ಯೂನಿಟ್ ಕೂರಿಸಿದ ಮೇಲೆ ರಸಮಟ್ಟವನ್ನು ಹೊರಗಿನ ಚೌಕಟ್ಟಿನ ಮೇಲೆ ಇಟ್ಟು ತೃಪ್ತಿಪಡಬೇಡಿ. ಬಾಗಿಲು ತೆಗೆದು ಪ್ಯಾನ್‌ನೊಳಗೆ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ.

ಇನ್ನು ಟ್ರ್ಯಾಪ್ ಒಣಗುವ ವಿಚಾರ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕಂಡೆನ್ಸೇಟ್ (ಕಾಯಿಲ್‌ನಿಂದ ಇಳಿಯುವ ನೀರು) ಬರದಿದ್ದರೆ ಟ್ರ್ಯಾಪ್‌ನ ನೀರು ಆವಿಯಾಗುತ್ತದೆ. ಆಮೇಲೆ ಕೂಲಿಂಗ್ ಶುರುವಾದಾಗ ಬರಿದಾದ ಕೊಳವೆಯಿಂದ ಹೊರಗಿನ ಗಾಳಿ ರಭಸದಿಂದ ಒಳನುಗ್ಗುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಮಾಡಿದರೆ 700 ಪ್ಯಾಸ್ಕಲ್‌ಗೆ ಅದರ ವೇಗ ಸೆಕೆಂಡಿಗೆ 34 ಮೀಟರ್. ಕೊಳವೆಯ ಘರ್ಷಣೆಗೆ ಅದರಲ್ಲಿ ಎಷ್ಟೋ ಪಾಲು ಹೋದರೂ, ಪ್ಯಾನ್‌ನಿಂದ ಇಳಿಯಬೇಕಾದ ನೀರನ್ನು ತಡೆದು ಚಿಮ್ಮಿಸಲು ಉಳಿದದ್ದು ಸಾಕು. ಒಣಗಿದ ಟ್ರ್ಯಾಪ್ ಫ್ಯಾನ್ ಓಡುತ್ತಿರುವಾಗ ತಾನಾಗಿ ತುಂಬಿಕೊಳ್ಳುತ್ತದೆ ಎಂದು ನಂಬಿ ಕೂರಬಾರದು. ಫ್ಯಾನ್ ನಿಲ್ಲಿಸಿ, ಪ್ಲಗ್ ತೆಗೆದು, ನೀರು ಹೊಯ್ದು ಮತ್ತೆ ಚಾಲೂ ಮಾಡಬೇಕು. ಅದಕ್ಕಾಗಿಯೇ ಟ್ರ್ಯಾಪ್‌ನ ಪ್ಯಾನ್ ಕಡೆಯ ಕಾಲಿನ ನೆತ್ತಿಯಲ್ಲಿ ಎಲ್ಬೋ ಬದಲು ಟೀ ಹಾಕಿ ಪ್ಲಗ್ ಕೊಡಿ. ಆ ಪ್ಲಗ್ ಗಾಳಿಯಾಡದಂತೆ ಬಿಗಿಯಾಗಿರಬೇಕು, ಸಡಿಲವಾದರೆ ಟ್ರ್ಯಾಪ್ ಇದ್ದೂ ಇಲ್ಲದಂತೆ.

ಪೈಪಿಂಗ್ ಮೇಲ್ವಿಚಾರಕ

ಎಲ್ಲರಿಗೂ ಕೃತಜ್ಞತೆಗಳು. ಗುತ್ತಿಗೆದಾರರು ಯೂನಿಟ್ ಮತ್ತೆ ಎತ್ತಲು ಒಪ್ಪುತ್ತಿಲ್ಲ. ನೆಲವನ್ನು ಟ್ರ್ಯಾಪ್ ಇರುವಷ್ಟು ಅಗೆದರೆ ಸಾಕು ಎನ್ನುತ್ತಾರೆ, ಇಲ್ಲವೇ ಕಂಡೆನ್ಸೇಟ್ ಪಂಪ್ ಇಡೋಣ ಎನ್ನುತ್ತಾರೆ. ಇನ್ನೊಬ್ಬರು ಕೊಳವೆಯನ್ನು 20 ಮಿ.ಮೀ.ಗೆ ಇಳಿಸಿದರೆ ಸ್ವಲ್ಪ ಎತ್ತರ ಉಳಿಯುತ್ತದೆ ಎಂದರು.

ವಿನ್ಯಾಸ ಎಂಜಿನಿಯರ್

ಕೊಳವೆಯನ್ನು ಸಣ್ಣದು ಮಾಡುವುದನ್ನು ಮೊದಲು ಕೈಬಿಡಿ. ನೀರಿನ ಪ್ರಮಾಣ ನೋಡಿದರೆ ಅವರ ಮಾತು ಸರಿ ಎನ್ನಿಸಬಹುದು: ತೇವಾಂಶದ ಪಾಲು ಒಂದು ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 1.44 ಲೀಟರ್ ನೀರು, ನಿಮ್ಮ 25 ಕಿಲೋವ್ಯಾಟ್‌ಗೆ ಗಂಟೆಗೆ 36 ಲೀಟರ್. ಅದಕ್ಕೆ ಸಣ್ಣ ಕೊಳವೆ ಸಾಕು. ಆದರೆ ಡ್ರೈನ್‌ನ ವ್ಯಾಸ ನಿರ್ಧಾರವಾಗುವುದು ನೀರಿನಿಂದಲ್ಲ, ಅದರೊಳಗೆ ಬೆಳೆಯುವ ಲೋಳೆಯಿಂದ ಮತ್ತು ಫಿಲ್ಟರ್ ದಾಟಿ ಬರುವ ಧೂಳಿನಿಂದ. ಪ್ಯಾನ್‌ನ ಬಾಯಿಗಿಂತ ಸಣ್ಣ ಕೊಳವೆ ಎಲ್ಲಿಯೂ ಬರಬಾರದು.

ನೆಲ ಅಗೆಯುವುದು ನನಗೆ ಇಷ್ಟವಿಲ್ಲ. ಆ ಗುಂಡಿಯಲ್ಲಿ ಧೂಳು ತುಂಬುತ್ತದೆ, ಟ್ರ್ಯಾಪ್‌ನ ತಳದ ಪ್ಲಗ್‌ಗೆ ಕೈ ಹೋಗುವುದಿಲ್ಲ, ಮೇಲಿನ ಮಹಡಿಯಾಗಿದ್ದರೆ ಸ್ಲ್ಯಾಬ್‌ನ ಜಲನಿರೋಧಕ ಪದರವೂ ಹಾಳಾಗುತ್ತದೆ. ಪಂಪ್ ಇಟ್ಟರೆ ಇಷ್ಟು ಹೊತ್ತು ಗುರುತ್ವ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಒಂದು ಮೋಟರ್, ಒಂದು ಫ್ಲೋಟ್ ಸ್ವಿಚ್, ಒಂದು ವಿದ್ಯುತ್ ಸಂಪರ್ಕ ಸೇರಿಕೊಳ್ಳುತ್ತವೆ, ಪಂಪ್‌ನ ಹಿಂದೆ ಟ್ರ್ಯಾಪ್ ಹೇಗೂ ಬೇಕೇ ಬೇಕು, ಎತ್ತರದ ಸಮಸ್ಯೆ ಅಲ್ಲಿಯೇ ಉಳಿಯುತ್ತದೆ. ನೀರಿಲ್ಲದೆ ಕವಾಟದಿಂದ ಗಾಳಿ ತಡೆಯುವ ಸಾಧನಗಳೂ ಇವೆ, ಹಳೆಯ ಕಟ್ಟಡದಲ್ಲಿ ಬೇರೆ ದಾರಿ ಇಲ್ಲದಾಗ ಅವನ್ನು ಬಳಸಿದ್ದೇನೆ. ನಿಮ್ಮಲ್ಲಿ ಡಕ್ಟ್ ಇನ್ನೂ ಕಟ್ಟಿಲ್ಲ, ಕೊಳವೆ ಜೋಡಿಸಿಲ್ಲ. 100 ಮಿ.ಮೀ. ಸ್ಟೀಲ್ ಚಾನೆಲ್ ಚೌಕಟ್ಟು ಮಾಡಿಸಿ ಯೂನಿಟ್ ಎತ್ತಿ. ಆಗ 270 ಮಿ.ಮೀ. ಸಿಗುತ್ತದೆ, ಟ್ರ್ಯಾಪ್‌ನ ಕೆಳಗೆ 67 ಮಿ.ಮೀ. ಉಳಿಯುತ್ತದೆ, ಹೊರಬಾಯಿ ನೆಲದಿಂದ 174 ಮಿ.ಮೀ. ಎತ್ತರದಲ್ಲಿರುತ್ತದೆ. ನಾಲ್ಕು ಮೀಟರಿಗೆ ನೂರಕ್ಕೆ ಒಂದರ ವಾಟ ಕೊಟ್ಟರೆ 40 ಮಿ.ಮೀ. ಮಾತ್ರ ಖರ್ಚಾಗುತ್ತದೆ, ನೆಲದ ಡ್ರೈನ್ ಮೇಲೆ ಬೇಕಾದಷ್ಟು ಗಾಳಿಯ ಅಂತರ ಉಳಿಯುತ್ತದೆ. ಡ್ರೈನ್ ಕೊಳವೆಯನ್ನು ಒಳಚರಂಡಿಗೆ ನೇರವಾಗಿ ಜೋಡಿಸಬಾರದು ಎಂಬುದು ನಿಮಗೆ ಗೊತ್ತೇ ಇರುತ್ತದೆ. ಟ್ರ್ಯಾಪ್ ಒಣಗಿದ ದಿನ ಫ್ಯಾನ್ ಚರಂಡಿಯ ಗಾಳಿಯನ್ನೇ ಕಟ್ಟಡದೊಳಗೆ ಹಂಚುತ್ತದೆ.

ಇವತ್ತು ಎತ್ತುವುದು ಅರ್ಧ ದಿನದ ಕೆಲಸ. ಕೊಳವೆ, ಡಕ್ಟ್, ಕೇಬಲ್ ಎಲ್ಲ ಜೋಡಿಸಿದ ಮೇಲೆ ಎತ್ತಲು ಯಾರೂ ಮುಂದೆ ಬರುವುದಿಲ್ಲ, ಆಗ ಆ ಯೂನಿಟ್ ತನ್ನ ಆಯುಷ್ಯವಿಡೀ ನೀರು ಹೊತ್ತುಕೊಂಡೇ ಓಡುತ್ತದೆ.

ಕಮಿಷನಿಂಗ್ ತಂತ್ರಜ್ಞ

ಒಂದು ಸೇರ್ಪಡೆ. ನಾಲ್ಕು ಯೂನಿಟ್‌ಗಳ ಡ್ರೈನ್ ಮುಂದೆ ಒಂದೇ ಕೊಳವೆಗೆ ಸೇರುವುದಾದರೆ ಪ್ರತಿ ಯೂನಿಟ್‌ಗೂ ಅದರದೇ ಟ್ರ್ಯಾಪ್ ಇರಲಿ. ನಾಲ್ಕಕ್ಕೂ ಸೇರಿ ಒಂದೇ ಟ್ರ್ಯಾಪ್ ಹಾಕಿದರೆ ನಿಂತಿರುವ ಯೂನಿಟ್‌ನ ಪ್ಯಾನ್ ಮೂಲಕ ಓಡುತ್ತಿರುವ ಯೂನಿಟ್ ಗಾಳಿ ಎಳೆಯುತ್ತದೆ. ಒಂದರ ಮೇಲೊಂದು ಎರಡು ಕಾಯಿಲ್ ಇರುವ ಯೂನಿಟ್‌ನಲ್ಲಿ ಮೇಲಿನ ಕಾಯಿಲ್‌ಗೂ ಪ್ರತ್ಯೇಕ ಪ್ಯಾನ್ ಬೇಕು, ಇಲ್ಲದಿದ್ದರೆ ಅದರ ನೀರೆಲ್ಲ ಕೆಳಗಿನ ಕಾಯಿಲ್‌ನ ರೆಕ್ಕೆಗಳ ಮೇಲೆ ಇಳಿದು ಗಾಳಿಯೊಂದಿಗೆ ಹಾರಿಹೋಗುತ್ತದೆ. ಉದ್ದದ ಕೊಳವೆಯಾದರೆ ಟ್ರ್ಯಾಪ್ ದಾಟಿದ ನಂತರ ಮೇಲ್ಮುಖವಾಗಿ ತೆರೆದ ವೆಂಟ್ ಕೊಡಿ. ಟ್ರ್ಯಾಪ್‌ಗಿಂತ ಮುಂಚೆ ಪ್ಯಾನ್ ಕಡೆ ವೆಂಟ್ ಕೊಟ್ಟಿರುವುದನ್ನು ಎರಡು ಕಡೆ ಕಂಡಿದ್ದೇನೆ. ಡ್ರಾ-ಥ್ರೂ ಯೂನಿಟ್‌ನಲ್ಲಿ ಅದು ಗಾಳಿಗೆ ಬಾಗಿಲು ತೆರೆದಿಟ್ಟಂತೆ.

ಪೈಪಿಂಗ್ ಮೇಲ್ವಿಚಾರಕ

ಡ್ರೈನ್ ವಿಷಯ ಸ್ಪಷ್ಟವಾಯಿತು, ಈ ಲೆಕ್ಕವನ್ನು ಹಾಗೆಯೇ ಬರೆದು ಗುತ್ತಿಗೆದಾರರ ಮುಂದೆ ಇಡುತ್ತೇನೆ. ಕಾಯಿಲ್ ಜೋಡಣೆಯ ಬಗ್ಗೆಯೂ ದಯವಿಟ್ಟು ಹೇಳಿ. ನೀರು ಯಾವ ಹೆಡರ್‌ನಿಂದ ಹೊಕ್ಕರೂ ಅದೇ ಕೊಳವೆಗಳ ಮೂಲಕ ತಾನೇ ಹಾಯುತ್ತದೆ ಎಂಬುದು ಇಲ್ಲಿಯವರ ವಾದ.

ವಿನ್ಯಾಸ ಎಂಜಿನಿಯರ್

ಅದೇ ಕೊಳವೆಗಳ ಮೂಲಕವೇ ಹಾಯುತ್ತದೆ, ಆದರೆ ಎದುರಾಗುವ ಗಾಳಿಯ ಕ್ರಮ ಬೇರೆ. ಗಾಳಿ 26 ಡಿಗ್ರಿಯಲ್ಲಿ ಬಂದು 13 ಡಿಗ್ರಿಯಲ್ಲಿ ಹೊರಡಬೇಕು ಎಂದುಕೊಳ್ಳಿ. ನಕ್ಷೆಯಂತೆ ಜೋಡಿಸಿದರೆ 7 ಡಿಗ್ರಿಯ ನೀರು ಆಗಲೇ ತಣ್ಣಗಾಗಿರುವ 13 ಡಿಗ್ರಿಯ ಗಾಳಿಯನ್ನು ಭೇಟಿಯಾಗುತ್ತದೆ, ವ್ಯತ್ಯಾಸ 6. ಇನ್ನೊಂದು ತುದಿಯಲ್ಲಿ 12 ಡಿಗ್ರಿಯಾದ ನೀರು 26 ಡಿಗ್ರಿಯ ಗಾಳಿಯನ್ನು ಭೇಟಿಯಾಗುತ್ತದೆ, ವ್ಯತ್ಯಾಸ 14. ಇವೆರಡರ ಲಾಗರಿದಮ್ ಸರಾಸರಿ (ಶಾಖದ ಲೆಕ್ಕದಲ್ಲಿ ಬಳಸುವ ಸರಾಸರಿ) 9.4 ಡಿಗ್ರಿ. ಅದಲು ಬದಲು ಮಾಡಿದರೆ ಒಂದು ತುದಿಯಲ್ಲಿ ವ್ಯತ್ಯಾಸ 19, ಇನ್ನೊಂದು ತುದಿಯಲ್ಲಿ ಬರೀ 1, ಸರಾಸರಿ 6.1. ಅದೇ ಶಾಖವನ್ನು ಸಾಗಿಸಲು ಒಂದೂವರೆ ಪಟ್ಟು ದೊಡ್ಡ ಕಾಯಿಲ್ ಬೇಕಾಗುತ್ತದೆ. ನಿಮ್ಮ ಕಾಯಿಲ್ ದೊಡ್ಡದಾಗುವುದಿಲ್ಲ, ಆದ್ದರಿಂದ ಗಾಳಿ ಬೆಚ್ಚಗೆ ಹೊರಬರುತ್ತದೆ, ತೇವಾಂಶ ಕಡಿಮೆ ಇಳಿಯುತ್ತದೆ. ಕಾಯಿಲ್ ಒದ್ದೆಯಾಗಿರುವಾಗ ನಿಖರ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ನಷ್ಟದ ದಿಕ್ಕು ಬದಲಾಗುವುದಿಲ್ಲ.

ಇದರ ಕೆಟ್ಟ ಪರಿಣಾಮ ಕೂಡಲೇ ಗೊತ್ತಾಗುವುದಿಲ್ಲ ಎಂಬುದೇ ನನ್ನ ಚಿಂತೆ. ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದುಕೊಂಡು ಹೆಚ್ಚು ನೀರು ಹರಿಸುತ್ತದೆ, ರಿಟರ್ನ್ ನೀರು 12ರ ಬದಲು 9 ಅಥವಾ 10 ಡಿಗ್ರಿಯಲ್ಲಿ ಮರಳುತ್ತದೆ, ಪಂಪ್‌ಗಳು ಹೆಚ್ಚು ಓಡುತ್ತವೆ. ಆ ಬೆಲೆಯನ್ನು ಕಟ್ಟಡ ಪ್ರತಿ ತಿಂಗಳೂ ತೆರುತ್ತದೆ. ನಾಲ್ಕು ಎಲ್ಬೋ ಉಳಿಸಿದ್ದಕ್ಕೆ ಇದು ಸಲ್ಲದ ಬೆಲೆ.

ಸಪ್ಲೈ ಫ್ಯಾನ್ ಕಡೆಯ ಹೆಡರ್‌ನ ಕೆಳಗಿನ ಬಾಯಿಗೆ, ರಿಟರ್ನ್ ಫಿಲ್ಟರ್ ಕಡೆಯ ಹೆಡರ್‌ನ ಮೇಲಿನ ಬಾಯಿಗೆ ಬರಲಿ. ಕೆಳಗಿನಿಂದ ತುಂಬಿದ ನೀರು ಗಾಳಿಯನ್ನು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ, ಮೇಲಿನ ಏರ್ ವೆಂಟ್‌ನಿಂದ ಅದನ್ನು ಬಿಡಬಹುದು.

ಎಡಗೈ ಕಾಯಿಲ್, ಬಲಗೈ ಕಾಯಿಲ್ ಎಂಬ ಹೆಸರುಗಳನ್ನು ಮಾತ್ರ ನಂಬಿ ಆರ್ಡರ್ ಮಾಡಬೇಡಿ. ಕೆಲವು ತಯಾರಕರು ಗಾಳಿ ಬೆನ್ನಿಗೆ ಬಡಿಯುವಂತೆ ನಿಂತು ಎಡಬಲ ಹೇಳುತ್ತಾರೆ, ಕೆಲವರು ಗಾಳಿ ಮುಖಕ್ಕೆ ಬಡಿಯುವಂತೆ ನಿಂತು ಹೇಳುತ್ತಾರೆ. ನಕ್ಷೆಯ ಮೇಲೆ ಬಾಣ ಹಾಕಿ ಕಳಿಸುವುದೇ ಕ್ಷೇಮ.

ಹಿರಿಯ ಫಿಟ್ಟರ್

ಈ ವಿಷಯದಲ್ಲಿ ನನ್ನ ಕೈಗೆ ಗೊತ್ತಿರುವುದನ್ನು ಬರೆಯುತ್ತೇನೆ, ಕಿರಿಯರಿಗೆ ಉಪಯೋಗವಾಗಲಿ. ಹೆಡರ್‌ನ ಬಾಯಿಗೆ ಫಿಟ್ಟಿಂಗ್ ಬಿಗಿಯುವಾಗ ಒಂದೇ ರೆಂಚ್ ಹಾಕಿ ತಿರುಗಿಸಬೇಡಿ. ಇನ್ನೊಂದು ರೆಂಚ್‌ನಿಂದ ಹೆಡರ್‌ನ ಬಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬಿಗಿಯಬೇಕು. ಇಲ್ಲದಿದ್ದರೆ ತಾಮ್ರದ ಹೆಡರ್ ತಿರುಚಿ, ಅದರಿಂದ ಹೊರಟ ಸಣ್ಣ ಕೊಳವೆಗಳ ಬೆಸುಗೆ ಬಿರಿಯುತ್ತದೆ. ಬಿರುಕು ಆ ದಿನ ಕಾಣದು. ಒತ್ತಡ ಪರೀಕ್ಷೆಯಲ್ಲಿ ಕಂಡರೆ ಅದೃಷ್ಟ, ಇಲ್ಲದಿದ್ದರೆ ಇನ್ಸುಲೇಷನ್ ಮುಚ್ಚಿದ ಮೇಲೆ ಕಾಣುತ್ತದೆ.

ಕೊಳವೆಯ ಭಾರವನ್ನು ಕಾಯಿಲ್ ಹೊರಬಾರದು. 65 ಮಿ.ಮೀ. ಕೊಳವೆಯಲ್ಲಿ ಮೀಟರಿಗೆ ಮೂರು ಲೀಟರಿಗಿಂತ ಹೆಚ್ಚು ನೀರಿರುತ್ತದೆ, ಕಬ್ಬಿಣದ ತೂಕ ಅದಕ್ಕಿಂತ ಹೆಚ್ಚು, ವಾಲ್ವ್‌ಗಳ ತೂಕ ಬೇರೆ. ವಾಲ್ವ್ ಗುಂಪಿಗೆ ನೆಲದಿಂದಲೋ ಚಾವಣಿಯಿಂದಲೋ ಅದರದೇ ಆಸರೆ ಕೊಟ್ಟು, ಕೊನೆಯ ಫ್ಲೇಂಜ್‌ನ ಬೋಲ್ಟ್‌ಗಳು ಬೆರಳಿನಿಂದಲೇ ಒಳಹೋಗುವಷ್ಟು ಸರಿಯಾಗಿ ಕೂರಿಸಬೇಕು. ಎಳೆದು ಕೂರಿಸಿದ ಫ್ಲೇಂಜ್ ಕಾಯಿಲ್ ಅನ್ನು ಸದಾ ಎಳೆಯುತ್ತಲೇ ಇರುತ್ತದೆ.

ಕೊಳವೆಗಳನ್ನು ಕಾಯಿಲ್‌ನ ಮುಂದೆ ಹಾಯಿಸಿ ಬಾಗಿಲು ಮುಚ್ಚಿಬಿಡಬೇಡಿ. ಒಂದು ದಿನ ಆ ಕಾಯಿಲ್ ಹೊರಗೆಳೆಯಬೇಕಾಗುತ್ತದೆ. ವಾಲ್ವ್‌ಗೂ ಕಾಯಿಲ್‌ಗೂ ನಡುವೆ ಎರಡು ಫ್ಲೇಂಜ್‌ಗಳ ತುಂಡು ಕೊಳವೆ ಇಟ್ಟರೆ ಅದನ್ನಷ್ಟೇ ಬಿಚ್ಚಿ ಕಾಯಿಲ್ ಎಳೆಯಬಹುದು.

ಕಮಿಷನಿಂಗ್ ತಂತ್ರಜ್ಞ

ಫಿಟ್ಟರ್ ಅವರ ಮಾತಿಗೆ ಇದನ್ನು ಸೇರಿಸುತ್ತೇನೆ. ಮುಖ್ಯ ಕೊಳವೆಗಳನ್ನು ತೊಳೆಯುವಾಗ ಕಾಯಿಲ್‌ನ ವಾಲ್ವ್‌ಗಳನ್ನು ಮುಚ್ಚಿ, ಸಪ್ಲೈ ಮತ್ತು ರಿಟರ್ನ್ ನಡುವೆ ಬೈಪಾಸ್ ಕೊಟ್ಟು ತೊಳೆಯಿರಿ. ವೆಲ್ಡಿಂಗ್ ಕಿಟ್ಟ, ತುಕ್ಕು, ಹೆಂಪ್ ನಾರು ಒಮ್ಮೆ ಕಾಯಿಲ್‌ನ ಸಣ್ಣ ಕೊಳವೆಗಳಿಗೆ ಸೇರಿದರೆ ಮತ್ತೆ ತೆಗೆಯಲಾಗದು. ತೊಳೆದ ನಂತರ ಸ್ಟ್ರೈನರ್‌ನ ಜಾಲರಿ ಬಿಚ್ಚಿ ಶುಚಿಮಾಡಿದ ಮೇಲೆಯೇ ಕಾಯಿಲ್ ತೆರೆಯಿರಿ.

ಕಾಯಿಲ್‌ನ ಎರಡೂ ಬದಿಗೆ ತಾಪ ಮತ್ತು ಒತ್ತಡ ಅಳೆಯುವ ಪ್ಲಗ್‌ಗಳು ಬೇಕು, ಇನ್ಸುಲೇಷನ್ ಹೊರಗೆ ಚಾಚಿರುವಷ್ಟು ಉದ್ದದವು. 90 ಕಿಲೋವ್ಯಾಟ್‌ಗೆ 5 ಡಿಗ್ರಿ ವ್ಯತ್ಯಾಸದಲ್ಲಿ ಸೆಕೆಂಡಿಗೆ 4.3 ಲೀಟರ್ ಹರಿಯಬೇಕು. ಅಳೆಯುವ ಜಾಗವೇ ಇಲ್ಲದಿದ್ದರೆ ಅದು ಹರಿಯುತ್ತಿದೆಯೇ ಎಂದು ನಾನು ಹೇಗೆ ಹೇಳಲಿ?

ಟ್ರ್ಯಾಪ್‌ನ ಪರೀಕ್ಷೆಯನ್ನು ಹೊಸ ಫಿಲ್ಟರ್ ಇಟ್ಟು ಮಾಡಿ ಸಹಿ ಹಾಕಬೇಡಿ. ಆ ದಿನ ಇರುವುದು 450 ಪ್ಯಾಸ್ಕಲ್, 60 ಮಿ.ಮೀ. ಇಳಿತದ ತಪ್ಪು ಟ್ರ್ಯಾಪ್ ಕೂಡ ಅಂದು ಉತ್ತೀರ್ಣವಾಗುತ್ತದೆ. ಫಿಲ್ಟರ್‌ನ ಮುಖಕ್ಕೆ ರಟ್ಟಿನ ಹಾಳೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ಪ್ಯಾನ್ ಇರುವ ಕೋಣೆಯಲ್ಲಿ ಮ್ಯಾನೋಮೀಟರ್ 700 ತೋರಿಸುವವರೆಗೆ ಹೋಗಿ, ಆಗ ಪ್ಯಾನ್‌ಗೆ ಸಣ್ಣ ಕೊಳವೆಯಿಂದ ನೀರು ಬಿಡಿ. ನೀರು ನಿಲ್ಲದೆ ಹೊರಗೆ ಹರಿಯಬೇಕು. ಆಮೇಲೆ ಫ್ಯಾನ್ ನಿಲ್ಲಿಸಿ. ಒಮ್ಮೆಲೇ ಬಹಳಷ್ಟು ನೀರು ಧುಮುಕಿದರೆ ಎಲ್ಲೋ ನೀರು ತಡೆದು ನಿಂತಿತ್ತು ಎಂದರ್ಥ.

ಕಟ್ಟಡ ನಿರ್ವಹಣೆ ವಿಭಾಗದವರು

ನನ್ನದೊಂದು ಬೇಡಿಕೆ ಇದೆ. ಟ್ರ್ಯಾಪ್‌ನ ಮೇಲೆ ಅಳಿಯದ ಮಸಿಯಿಂದ ಇಳಿತ ಎಷ್ಟು, ಆಳ ಎಷ್ಟು, ಯಾವ ಒತ್ತಡಕ್ಕೆ ಎಂದು ಬರೆದು ಹೋಗಿ. ಕೊಳವೆ ಒಡೆದಾಗ ಬದಲಾಯಿಸುವವರು ಕೈಗೆ ಸಿಕ್ಕ ಟ್ರ್ಯಾಪ್ ತಂದು ಹಾಕುತ್ತಾರೆ, ಹಳೆಯದರ ಅಳತೆ ಯಾರಿಗೂ ಗೊತ್ತಿರುವುದಿಲ್ಲ.

ಪೈಪಿಂಗ್ ಮೇಲ್ವಿಚಾರಕ

ಎರಡು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಲೆಕ್ಕದ ಹಾಳೆ ನೋಡಿದ ಮೇಲೆ ಗುತ್ತಿಗೆದಾರರು ಒಪ್ಪಿದರು, ನಾಲ್ಕೂ ಯೂನಿಟ್‌ಗಳನ್ನು 100 ಮಿ.ಮೀ. ಚೌಕಟ್ಟಿನ ಮೇಲೆ ಎತ್ತಿ ಕೂರಿಸಿದೆವು. ಕಾಯಿಲ್‌ಗಳನ್ನು ನಕ್ಷೆಯಂತೆಯೇ ಜೋಡಿಸಿದ್ದೇವೆ, ಅಡ್ಡ ದಾಟಿಸಲು ಬೇಕಾದ ಎಲ್ಬೋಗಳನ್ನೂ ಹಾಕಿದ್ದೇವೆ.

ಬಕೆಟ್ ನೀರಿನ ಪರೀಕ್ಷೆಯಲ್ಲಿ ಮೂರನೆಯ ಯೂನಿಟ್‌ನ ಹಿಂದಿನ ಮೂಲೆಯಲ್ಲಿ ನೀರು ನಿಂತಿತು. ಹೊರಗಿನ ಚೌಕಟ್ಟಿನ ಮೇಲೆ ರಸಮಟ್ಟ ಸರಿ ತೋರಿಸುತ್ತಿತ್ತು, ಒಳಗೆ ಪ್ಯಾನ್ ಮಾತ್ರ ಡ್ರೈನ್ ಬಾಯಿಯ ಎದುರು ದಿಕ್ಕಿಗೆ ಇಳಿದಿತ್ತು. ಆ ಮೂಲೆಯ ಕೆಳಗೆ 6 ಮಿ.ಮೀ. ತಗಡು ಕೊಟ್ಟ ಮೇಲೆ ನೀರು ಪೂರ್ತಿ ಹರಿದುಹೋಯಿತು.

ಮೊನ್ನೆ ರಟ್ಟು ಮುಚ್ಚಿ 700 ಪ್ಯಾಸ್ಕಲ್‌ಗೆ ತಂದು ಮೊದಲ ಎರಡು ಯೂನಿಟ್‌ಗಳ ಪರೀಕ್ಷೆ ಮಾಡಿದೆವು. ಪಾರದರ್ಶಕ ಕೊಳವೆಯಿಂದ ತಾತ್ಕಾಲಿಕ ಟ್ರ್ಯಾಪ್ ಮಾಡಿದ್ದರಿಂದ ಎಲ್ಲವೂ ಕಣ್ಣಿಗೆ ಕಂಡಿತು: ಫ್ಯಾನ್ ಏರುತ್ತಿದ್ದಂತೆ ಒಂದು ಕಾಲಿನಲ್ಲಿ ನೀರು ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಸರಿಯಿತು. ಸ್ಕೇಲ್ ಹಿಡಿದು ಅಳೆದರೆ ವ್ಯತ್ಯಾಸ 71ಕ್ಕೆ ಒಂದೆರಡು ಮಿ.ಮೀ. ಆಚೀಚೆ. ಪ್ಯಾನ್‌ಗೆ ನೀರು ಬಿಟ್ಟಾಗ ಡ್ರೈನ್ ಬಾಯಿಯಿಂದ ಸುಮಾರು 25 ಮಿ.ಮೀ. ಕೆಳಗೆ ಮಟ್ಟ ನಿಂತು ನೀರು ಸರಾಗವಾಗಿ ಹರಿಯಿತು. ನಮ್ಮ ಫಿಟ್ಟರ್ ಹತ್ತು ನಿಮಿಷ ಅದರ ಮುಂದೆಯೇ ಕುಳಿತು ನೋಡಿದರು. ಉಳಿದ ಎರಡು ಯೂನಿಟ್‌ಗಳ ಟ್ರ್ಯಾಪ್‌ಗಳನ್ನು ತಾವೇ ಅಳೆದು ಕತ್ತರಿಸಿದ್ದಾರೆ, ಅವುಗಳ ಮೇಲೆ 96, 48, 700 ಎಂದು ಬರೆದದ್ದೂ ಅವರೇ. ಆ ಎರಡರ ಪರೀಕ್ಷೆ ಸೋಮವಾರ ಇದೆ.